ಎರಡು ಬೀದಿ ಆಚೆ

ಶನಿವಾರ ರಾತ್ರಿ ಮೂಸ್‌ಜಾದ ಹಾಕಿ ಅಂಗಳದಲ್ಲಿ
ಅಪ್ಪನ ತೋಳು ಮುರಿದ ಮೆಕ್‌ಫೇಲ್
ಭಾನುವಾರ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಕೂತು
ಅಮ್ಮ ಬೇಯಿಸಿದ ಆಲೂಗಡ್ಡೆ ಕಡುಬಿಗೆ
ಇನ್ನಷ್ಟು ಹುಳಿಕೆನೆ ಕೇಳುತ್ತಿದ್ದ.
ಮುರಿದ ತೋಳೇ ಬಟ್ಟಲು ಎತ್ತಿ ಕೊಡುತ್ತಿತ್ತು.

ಅವನ ಕಾರು ಮಾತ್ರ ಎರಡು ಬೀದಿ ಆಚೆ,
ಲೂಥರನ್ ಚರ್ಚಿನ ಹಿಂದೆ.
ಯಾರಾದರೂ ಕಂಡರೆ ಕೆಟ್ಟೆವು.
ಒಳ್ಳೆಯವನೂ ಕೆಟ್ಟವನೂ
ಒಂದೇ ಮನೆಯ ಉಪ್ಪು ತಿನ್ನುತ್ತಾರೆಂದು ಗೊತ್ತಾದರೆ
ಮುಂದಿನ ವಾರ ಟಿಕೆಟ್ಟು ಕೊಳ್ಳುವವರು ಯಾರು?

ಕೆಟ್ಟವನು ಅಪ್ಪ. ಪೋಸ್ಟರಿನಲ್ಲಿ ‘ಸೈಬೀರಿಯಾದ ಕಟುಕ.’
ಸೈಬೀರಿಯಾ ಕಂಡವನಲ್ಲ. ಯಾರ್ಕ್‌ಟನ್ ಬಳಿ
ಗೋಧಿ ಹೊಲದ ಅಂಚಿನ ಮನೆಯಲ್ಲಿ ಹುಟ್ಟಿದವನು,
ಹೆಸರು ಮೆಟ್ರೋ ಹಾವ್ರಿಲ್ಯುಕ್.
ಮಾಸ್ಕೋ ಅಂದರೆ ಉಗುಳುತ್ತಿದ್ದ ಅಜ್ಜಿ
ಮಗನ ಕೆಂಪು ಚಡ್ಡಿಗೆ ತಾನೇ ಕುಡುಗೋಲು ಸುತ್ತಿಗೆ ಹೊಲಿದಳು,
ನಡುನಡುವೆ ಎದೆಗೆ ಶಿಲುಬೆ ಗುರುತು ಹಾಕಿಕೊಳ್ಳುತ್ತ.
“ಬಾಡಿಗೆ ಕಟ್ಟಬೇಕಲ್ಲ” ಅಂದಳಂತೆ.

ಸೋಲುವುದು ಅವನ ಕಸುಬು.
ಸೋಲಲೂ ಬರಬೇಕು ಮಗಳೇ, ಅನ್ನುತ್ತಿದ್ದ.
ಅವನು ನನ್ನನ್ನು ಎತ್ತುವುದಿಲ್ಲ, ನಾನೇ ಹಾರುತ್ತೇನೆ,
ಅವನ ಬಲವೆಲ್ಲ ನನ್ನ ಮೊಣಕಾಲಿನದು.
ಆಮೇಲೆ ಬೆನ್ನ ಮೇಲೆ ಬೀಳು, ಮೂರೆಣಿಸುವ ತನಕ
ಭುಜ ನೆಲಕ್ಕೆ ಅಂಟಿರಲಿ, ಅಷ್ಟೆ.

ಮಣಿಕಟ್ಟಿನ ಪಟ್ಟಿಯೊಳಗೆ ಗೋಧಿಕಾಳಿನಷ್ಟು ಬ್ಲೇಡು.
ನನ್ನ ಪೆನ್ಸಿಲ್ಲು ಹೆರೆದದ್ದನ್ನೇ ಅಮ್ಮ
ಕತ್ತರಿಯಲ್ಲಿ ತುಂಡರಿಸಿಡುತ್ತಿದ್ದಳು.
ರಕ್ತ ನಿಜದ್ದು.
ಅದೊಂದನ್ನು ಮಾತ್ರ ಯಾರೂ ನಂಬಲಿಲ್ಲ.

ಶಾಲೆಯಲ್ಲಿ ನನ್ನ ಊಟದ ಡಬ್ಬಿಗೆ ಯಾರೋ ಉಗಿದಿದ್ದರು.
ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು
“ಹಾಗಾದರೆ ಚೆನ್ನಾಗಿ ಮಾಡ್ತಿದ್ದೀನಿ” ಅಂದ.
ಅದಕ್ಕೆ ಅವನನ್ನು ಕ್ಷಮಿಸಿದೆನೋ ಇಲ್ಲವೋ
ಈಗಲೂ ತಿಳಿಯದು.

ಹಣೆ ಕೊನೆಗೆ ಉತ್ತ ಹೊಲ.
ಸಾಲಿಗೊಂದು ನಾಣ್ಯ ನೆಟ್ಟು ಮೊಮ್ಮಕ್ಕಳನ್ನು ನಗಿಸುತ್ತಿದ್ದ.
ಮುಂದೆ ಮೊಮ್ಮಕ್ಕಳು ಮರೆತುಹೋದರು, ನಾನೂ, ಅಮ್ಮನ ಹೆಸರೂ.
ಆಶ್ರಮದ ನರ್ಸು ಹಾಸಿಗೆಯಲ್ಲಿ ಅವನನ್ನು ಹೊರಳಿಸಲು
ಒಂದು, ಎರಡು ಎಂದು ಎಣಿಸಿದರೆ
ಮೂರಕ್ಕೆ ಮೊದಲೇ ಬಲ ಭುಜ ಚಿಮ್ಮುತ್ತಿತ್ತು,
ಎರಡು ಸಾವಿರ ರಾತ್ರಿ ಎತ್ತದೆ ಬಿಟ್ಟ ಭುಜ.
ಅವಳ ಮೂಗಿಗೆ ಪೆಟ್ಟಾಯಿತು.
ನಾನು ಕ್ಷಮೆ ಕೇಳಿದೆ, ನಗು ತಡೆಯಲಾಗದೆ.

ಮಣ್ಣು ಮಾಡಿದ್ದು ಜನವರಿಯಲ್ಲಿ. ಸೊನ್ನೆಗಿಂತ ಮೂವತ್ತು ಕೆಳಗೆ,
ಗುಂಡಿ ತೋಡಲು ಯಂತ್ರ ತರಿಸಿದೆವು.
ಪ್ರಾರ್ಥನೆ ಅರ್ಧವಾದಾಗ ಬಾಗಿಲು ತಳ್ಳಿಕೊಂಡು ಮೆಕ್‌ಫೇಲ್,
ಎಂಬತ್ತೊಂದು, ಸೊಂಟದ ಎರಡೂ ಕೀಲು ಉಕ್ಕಿನವು,
ಹುಬ್ಬಿಗೆ ಹಿಮ, ವಾಕರಿನ ಗಾಲಿಗೆ ಹಿಮ.
ಬಾಗಿಲಲ್ಲೇ ಜಾಗವಿತ್ತಲ್ಲ ಕಾರಿಗೆ, ಅಂದೆ.
ಕೈಗವಸು ಬಿಚ್ಚುತ್ತ ಅತ್ತಿತ್ತ ನೋಡಿ
ದನಿ ತಗ್ಗಿಸಿದ:
ಎರಡು ಬೀದಿ ಆಚೆ ಬಿಟ್ಟಿದ್ದೇನೆ. ಯಾರೂ ನೋಡಲಿಲ್ಲ.