ಒಳಜೇಬು

ಮೊದಲ ಸಲ ಬಂದಾಗ ಎರಡು ಚೂಡಿದಾರ ತಂದಿದ್ದಳು.
ಸೊಂಟದ ಹೊಲಿಗೆ ಬಿಚ್ಚಿ ಎರಡಿಂಚು ಬಿಡಿ, ವಾರಿಜಕ್ಕ,
ಹಾಗೇ ತೋಳು ಸ್ವಲ್ಪ ಉದ್ದ.
ಎಷ್ಟುದ್ದ?
ಮೊಣಕೈ ಮುಚ್ಚುವಷ್ಟು.

ಜೂನ್ ತಿಂಗಳು. ಹಮ್ರಿಯಾದ ಈ ಮೂರನೇ ಮಾಳಿಗೆಯಲ್ಲಿ
ನಲ್ಲಿ ತಿರುಗಿಸಿದರೆ ಅಕ್ಕಿ ಬೇಯುವಂಥ ನೀರು.
ಕಾಗೆ ಕೂಡ ಎ.ಸಿ. ಪೆಟ್ಟಿಗೆಯ ನೆರಳಲ್ಲಿ
ಬಾಯಿ ತೆರೆದು ಕೂರುವ ಹೊತ್ತಿಗೆ
ಉದ್ದ ತೋಳು ಯಾರಿಗೆ ಬೇಕು?
ನಾನು ಕೇಳಲಿಲ್ಲ.
ಎಂಟುನೂರು ಬೈಸಾ, ಅಂದೆ.

ಟೇಪು ಹಿಡಿದವಳಿಗೆ ಗೊತ್ತಾಗದ್ದು ಏನಿದೆ?
ಹೊಟ್ಟೆ ಮೂವತ್ತನಾಲ್ಕು, ಮೂವತ್ತಾರು, ಮೂವತ್ತೊಂಬತ್ತು.
ಅದರ ಜೊತೆಗೇ ತೋಳು ಮಣಿಕಟ್ಟಿಗೆ ಇಳಿಯಿತು,
ಕಾಲರು ಗಂಟಲಿಗೆ ಏರಿತು.
ನನ್ನ ಪುಸ್ತಕದಲ್ಲಿ ಸುಗಂಧಿಯ ಹೆಸರಿನ ಕೆಳಗೆ
ಬರೀ ಇಂಚುಗಳು.
ಮುಟ್ಟಿದಲ್ಲೆಲ್ಲ ಮೈ ಹಿಂದೆ ಸರಿಯುತ್ತಿತ್ತು.
ಟೇಪು ತಣ್ಣಗಿದೆಯಾ ಅಂತ ಒಮ್ಮೆ ಕೇಳಿದೆ, ದಡ್ಡಿ.
ಹೌದಕ್ಕ, ಅಂದಳು, ನನ್ನ ಮರ್ಯಾದೆ ಉಳಿಸಲು.

ನನ್ನ ಮಿಷನ್ನಿಗೂ ಕಾಗದಪತ್ರವಿಲ್ಲ, ಬಾಗಿಲಿಗೆ ಬೋರ್ಡಿಲ್ಲ.
ಯಾರ ಮನೆ ವಿಷಯಕ್ಕೂ ಹೋಗುವವಳಲ್ಲ ನಾನು
ಎಂದುಕೊಂಡೇ ಇಲ್ಲಿ ಹತ್ತೊಂಬತ್ತು ವರ್ಷ ಅನ್ನ ಉಂಡೆ.
ಅವನೋ,
ರಕ್ತದಾನದ ಶಿಬಿರದಲ್ಲಿ ಎಲ್ಲರಿಗಿಂತ ಮೊದಲು ತೋಳು ಚಾಚುವವನು.
ಯಾರದೋ ಹೆಣ ಊರಿಗೆ ಕಳಿಸಲು ರಾತ್ರಿಯಿಡೀ ಫೋನು ಹಿಡಿದು ಕೂತವನು.
ನಾನೇ ಹೊಗಳಿದ್ದೇನೆ.

ಏಳನೇ ತಿಂಗಳು ರೂವಿಯ ಹೋಟೆಲಿನ ಮಹಡಿಯಲ್ಲಿ
ಹೆಂಗಸರೆಲ್ಲ ಸೇರಿ ಬಳೆ ತೊಡಿಸಿದೆವು.
ಹಸಿರು ಗಾಜು ಬಲಗೈಗೆ ಸಲೀಸು.
ಎಡಗೈಯಲ್ಲಿ ಹೆಬ್ಬೆರಳ ಬುಡಕ್ಕೇ ನಿಂತಿತು.
ಊದಿದ ಮಣಿಕಟ್ಟು, ಹಳದಿಗೆ ತಿರುಗುತ್ತಿದ್ದ ನೀಲಿ.
ಬಸುರಿಗೆ ನೀರು ಸೇರುವುದುಂಟು, ಅಂದರು ಒಬ್ಬರು.
ಒಂದೇ ಕೈಗಾ, ಅಂತ ಯಾರೂ ಅನ್ನಲಿಲ್ಲ.
ಸೋಪು ನೀರು ತನ್ನಿ, ಅಂದವಳು ನಾನು.
ಹಚ್ಚಿ, ಒತ್ತಿ, ತೂರಿಸಿದವಳೂ ನಾನು.
ಅವಳು ಅಳಲಿಲ್ಲ.
ಫೋಟೋದಲ್ಲಿ ನಗುತ್ತಿದ್ದಾಳೆ.

ಅದಾಗಿ ನಾಲ್ಕನೇ ದಿನ, ಮಧ್ಯಾಹ್ನದ ಬಾಂಗಿನ ಹೊತ್ತಿಗೆ, ಬಂದಳು.
ನಾನು ಮಿಷನ್ ನಿಲ್ಲಿಸಲಿಲ್ಲ.
ಅದರ ಸದ್ದಿನೊಳಗೆ ಕೂತು ಅವಳು ಮಾತಾಡಿದಳು.
ಮಗು ಬರಲಿ, ಸರಿಹೋಗ್ತಾನೆ, ಅಂದರಂತೆ ಹಿರಿಯಡ್ಕದ ಅಮ್ಮ.
ಆಸ್ಪತ್ರೆಯಲ್ಲಿ ಕೇಳಿದ್ದು ಅವಳನ್ನು,
ಹೇಳಿದ್ದು ಅವನು: ಬಚ್ಚಲಲ್ಲಿ ಜಾರಿದಳು,
ಮೂರು ಭಾಷೆಯಲ್ಲಿ.

ಒಳಗೊಂದು ಜೇಬು ಬೇಕು ಅಕ್ಕ,
ಲೈನಿಂಗಿನ ಹಿಂದೆ, ಯಾರ ಕೈಗೂ ತಾಗದ ಹಾಗೆ.
ಎಷ್ಟು ದೊಡ್ಡದು?
ಗಾಳಿಯಲ್ಲಿ ಬೆರಳಿಂದ ಚೌಕ ಬರೆದಳು.

ಐದಿಂಚು, ಮೂರೂವರೆ.
ಈ ಊರಲ್ಲಿ ಬದುಕಿದ ಯಾರೂ
ಕಣ್ಣು ಮುಚ್ಚಿ ಹೇಳಬಹುದಾದ ಅಳತೆ.

ಮಿಷನ್ ನಿಂತಿತು.
ಕಪಾಟಿನಿಂದ ನನ್ನ ಪಾಸ್‌ಪೋರ್ಟನ್ನೇ ತೆಗೆದು ಬಟ್ಟೆಯ ಮೇಲಿಟ್ಟು
ಸುತ್ತ ಸೀಮೆಸುಣ್ಣ ಎಳೆದೆ.
ತೋಳಿಗೆ ಸೇರಿಸಿ ಉಳಿದಿದ್ದ ತುಂಡಿನಿಂದಲೇ ಜೇಬು.
ಜೋಡಿ ಹೊಲಿಗೆ.
ಎಂಟು ತುಂಬಿದರೆ ವಿಮಾನ ಹತ್ತಿಸಲಿಕ್ಕಿಲ್ಲ, ಅಂದೆ ದಾರ ಕಚ್ಚುತ್ತಾ.
ಗೊತ್ತು. ಇನ್ನು ಹದಿನೇಳು ದಿನ ಇದೆ.
ಅವನ ಕಾರಿನ ಡ್ರಾಯರಿನ ಬೀಗ ಶುಕ್ರವಾರ ಸಡಿಲ ಇರ್ತದೆ,
ನಮಾಜಿನ ಗಲಾಟೆಯಲ್ಲಿ ಪಾರ್ಕಿಂಗ್ ಸಿಗದೆ
ಕೀಲಿ ಕೆಳಗಿನ ಅಂಗಡಿಯಲ್ಲಿ ಬಿಟ್ಟಿರ್ತಾನೆ.
ಇಷ್ಟು ದಿನ ಇವಳು ಲೆಕ್ಕ ಹಾಕುತ್ತಿದ್ದದ್ದು ಇಂಚನ್ನಲ್ಲ.

ಜೇಬಿನ ತಳಕ್ಕೆ ಅರವತ್ತು ರಿಯಾಲ್ ಮಡಿಸಿ ಹಾಕಿದೆ.
ಸೋಪು ಹಚ್ಚಿದ್ದಕ್ಕೆ ದಂಡ ಅಂದುಕೊಂಡೆ, ಹೇಳಲಿಲ್ಲ.
ಕೂಲಿ ಎಷ್ಟಕ್ಕ, ಅಂದಳು.
ಬೈದು ಕಳಿಸಿದೆ.

ನಿನ್ನೆ ಅವನು ಬಂದ.
ಕೈಯಲ್ಲಿ ಪ್ಯಾಂಟು, ಕಾಲು ಒಂದಿಂಚು ಗಿಡ್ಡ ಮಾಡಬೇಕು.
ಮೂರು ದಿನ ಗಡ್ಡ ಕಂಡಿಲ್ಲದ ಮುಖ.
ನನ್ನ ಬೆನ್ನ ಹಿಂದಿನ ಪರದೆಯನ್ನೂ ನೋಡಿದ, ಮಂಚದ ಕೆಳಗನ್ನೂ.
ಸುಗಂಧಿ ಇಲ್ಲಿಗೆ ಬಂದಿದ್ದಳಾ?

ನನ್ನ ತುಟಿಗಳ ನಡುವೆ ಐದು ಗುಂಡುಸೂಜಿ.
ಒಂದೊಂದಾಗಿ ತೆಗೆದು
ಅವನ ಪ್ಯಾಂಟಿನ ಅಂಚಿಗೆ ಚುಚ್ಚಿದೆ.
ಅವಸರವೇನಿತ್ತು.
ಎಂಟುನೂರು ಬೈಸಾ, ಅಂದೆ.
ಗುರುವಾರ ಬನ್ನಿ.

ಊರಿಂದ ಇನ್ನೂ ಫೋನು ಬಂದಿಲ್ಲ.