ಸುಕ್ಕು

ಬೆಳಗ್ಗೆ ಒಂಬತ್ತಕ್ಕೆ ವುಡ್‌ಬ್ರಿಜ್‌ನ ಇಳಿಜಾರಿನಲ್ಲಿ
ಡೆಬೆನ್ ನದಿ ಅಂಚಿನವರೆಗೂ ಇತ್ತು,
ಸಾಸರಿಗೆ ಹೊಯ್ದ ಚಹಾದಂತೆ, ತುಳುಕದೆ.
ಹೆಸ್ಟರ್ ಥರ್ಕೆಟಲ್, ಎಪ್ಪತ್ತೊಂಬತ್ತು, ರಬ್ಬರ್ ಬೂಟು,
ನನಗೆ ಮಾರಿದ ದೋಣಿಯನ್ನು ಇನ್ನೂ ‘ನನ್ನದು’ ಅನ್ನುತ್ತ
ಭುಜ ಕೊಟ್ಟು ಕೂವೆಮರ ನಿಲ್ಲಿಸಿದಳು.
ಹನ್ನೊಂದಡಿ ದೋಣಿ, ಮೂತಿ ದಡಕ್ಕೆ, ಬೆನ್ನು ನೀರಿಗೆ.
ಇಟ್ಟಿಗೆ ಬಣ್ಣದ ಹಾಯಿ, ಚೀಲದಿಂದ ತೆಗೆದಾಗ
ಗ್ಯಾರೇಜಿನ ವಾಸನೆ, ಒಂದು ಸತ್ತ ಜೇಡ.

“ಮೊಲ ಬಿಲದಿಂದ ಬರುತ್ತೆ, ಮರ ಸುತ್ತುತ್ತೆ,
ಮತ್ತೆ ಬಿಲಕ್ಕೇ ಹೋಗುತ್ತೆ” ಅಂದಳು, ಗಂಟು ಕಲಿಸುತ್ತ.
ನನ್ನ ಮೊಲ ಮೂರು ಸಲ ತಪ್ಪಿಸಿಕೊಂಡಿತು.
ನಾಲ್ಕನೇ ಸಲ ಒಳಗೇ ಉಳಿಯಿತು. “ಅದಕ್ಕೂ ಚಳಿ” ಅಂದೆ.

ಎಳೆದೆವು. ರಾಟೆ ಕಿರ್ರೆಂದಿತು.
ಏರಿದ್ದೇನೋ ಏರಿತು ಹಾಯಿ; ಆದರೆ ಕೊರಳಿನಿಂದ
ಹಿಂದಿನ ಮೂಲೆಗೆ ಓರೆಯಾಗಿ ಒಂದು ಸುಕ್ಕು,
ನಿದ್ದೆಯಿಂದೆದ್ದ ಕೆನ್ನೆಯ ಮೇಲೆ ದಿಂಬಿನ ಗೆರೆ.

ದಾವಣಗೆರೆಯ ಹಳೇಪೇಟೆಯ ಅಂಗಡಿಯಲ್ಲಿ ಅಪ್ಪ
ಗುಂಡುಸೂಜಿ ಕಚ್ಚಿಕೊಂಡೇ ಹೇಳುತ್ತಿದ್ದ:
ಸುಕ್ಕು ಚಾಡಿಕೋರ. ಎಲ್ಲಿ ಬಿಗಿ, ಎಲ್ಲಿ ಸಡಿಲ,
ಕೇಳದೆಯೇ ಬಂದು ಹೇಳುತ್ತೆ.
ಇಸ್ತ್ರಿ ಹಾಕಿ ಅದರ ಬಾಯಿ ಮುಚ್ಚಿಸಬೇಡ;
ಹೊಲಿಗೆ ಬಿಚ್ಚು.

ಬಿಚ್ಚಿದೆವು. ಮೇಲಿನ ಮರ ಸೋಮಾರಿಯ ತೋಳಿನಂತೆ ಜೋತಿತ್ತು.
ಹಗ್ಗವನ್ನು ಒಂದು ಗೇಣು ಮೇಲೆ ಕಟ್ಟಿ ಮತ್ತೆ ಏರಿಸಿದೆವು.
ಸುಕ್ಕು ಅಲ್ಲಿಂದ ಸರಿದು, ಮುಂದಿನ ಅಂಚಿಗೆ ಬಂದು
ಅಡ್ಡಡ್ಡ ನೆರಿಗೆಯಾಯಿತು. ಕೆಳಗೆ ಜಗ್ಗಿದೆ.
“ಅಷ್ಟೊಂದು ಬೇಡ, ಅದು ಡ್ರಮ್ಮಲ್ಲ.
ಹಾಯಿಗೆ ಸ್ವಲ್ಪ ಹೊಟ್ಟೆ ಬೇಕು. ನನಗಿರುವಷ್ಟು.”
ಸಡಿಲಿಸಿದೆ. ಅವಳ ಬೆರಳು ಬಾಗುತ್ತಿರಲಿಲ್ಲ, ಅದಕ್ಕೆ
ಮೊಣಕೈಯಿಂದ ತೋರಿಸುತ್ತಿದ್ದಳು: ಅಲ್ಲಿ. ಅಲ್ಲಲ್ಲ, ಅಲ್ಲಿ.
ಕೊನೆಗೆ ಉಲ್ಲನ್ನಿನ ಎರಡು ಎಳೆ, ಹಾಯಿಯ ಆ ಬದಿಗೊಂದು ಈ ಬದಿಗೊಂದು,
ಒಟ್ಟಿಗೆ ಹಿಂದಕ್ಕೆ ಹಾರಿದವು. ಒಂದು ಸುಕ್ಕಿಲ್ಲ.

ಆಗ ಕೆಳಗೆ ನೋಡಿದೆವು.
ನೀರಿರಲಿಲ್ಲ.
ನಾವು ಕಟ್ಟಿ, ಬಿಚ್ಚಿ, ಕಟ್ಟುವಷ್ಟರಲ್ಲಿ
ಹೇಳದೆ ಕೇಳದೆ ಹೋಗಿತ್ತು. ದೂರದಲ್ಲಿ ಕಾಲುವೆಯಷ್ಟು ನದಿ,
ಉಳಿದದ್ದೆಲ್ಲ ಮಿರುಗುವ ಕೆಸರು, ಅದರ ಮೇಲೆ
ಯಾವುದೋ ಹಕ್ಕಿ ತಿದ್ದಿ ತಿದ್ದಿ ಬಿಟ್ಟುಹೋದ ಅಕ್ಷರ.
ಗಾಳಿ ಬಂದಾಗ ತೂರಿಕೋ ಅಂತಾರೆ. ಸರಿ.
ನೀರಿದ್ದಾಗ ಏನು ಮಾಡಬೇಕೋ ಯಾರೂ ಹೇಳಿರಲಿಲ್ಲ.

ಹೆಸ್ಟರ್ ನಗಲಿಲ್ಲ. ಹಾಯಿ ಇಳಿಸಲೂ ಬಿಡಲಿಲ್ಲ.
ಕೆಸರಲ್ಲಿ ಕೂತ ದೋಣಿ ಹತ್ತಿ, ಚುಕ್ಕಾಣಿ ಹಿಡಿದು
“ರಾತ್ರಿ ಎಂಟಕ್ಕೆ ಮತ್ತೆ ನೀರು. ಜೂನಲ್ಲವೆ,
ಬೆಳಕೂ ಇರುತ್ತೆ” ಎಂದಳು.
ನಾನೂ ಹತ್ತಿದೆ. ಹಾಯಿ ತುಂಬಿತು.
ಮರ ಸ್ವಲ್ಪ ನರಳಿತು. ಎದುರು ದಡ ಇದ್ದಲ್ಲೇ ಇತ್ತು.
ಹಗ್ಗ ಮಾತ್ರ ನನ್ನ ಅಂಗೈಯನ್ನು
ಎಳೆಯುತ್ತಲೇ ಇತ್ತು, ಹೊರಡೋಣ ಅಂತ.