ಹತ್ತಲು ಇಪ್ಪತ್ತು ತೇತ್ರಿ

ತ್ಬಿಲಿಸಿಯ ಈ ಹಳೇ ಕಟ್ಟಡದ ಲಿಫ್ಟು
ಕಾಸು ಹಾಕದೆ ಕದಲುವುದಿಲ್ಲ.
ಹತ್ತಲು ಇಪ್ಪತ್ತು ತೇತ್ರಿ; ಇಳಿಯುವುದು ಪುಕ್ಕಟೆ.
ಏಳನೆಯ ಮಹಡಿಯಲ್ಲಿ ನನ್ನ ಮೇಜು.
ಪರೀಕ್ಷೆಗೆ ಬಂದವರ ಜೇಬುಗಳನ್ನು
ಒಳಗು ಹೊರಗು ಮಾಡಿಸಿ ನೋಡುವುದು ನನ್ನ ಉದ್ಯೋಗ.

ಗಡಿಯಾರ, ಉಂಗುರ, ಶಿಲುಬೆಯ ಸರ,
ಒಮ್ಮೆ ಒಂದು ಅಕ್ರೋಟು, ಅದೃಷ್ಟದ್ದಂತೆ,
ಎಲ್ಲಕ್ಕೂ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ.
ಇಷ್ಟು ವರ್ಷ ಬರೆದ ಕೋಡನ್ನು ಮಾತ್ರ
ಬಿಚ್ಚಿಡಲು ಬರುವುದಿಲ್ಲ; ಹೊತ್ತೇ ಒಳಗೆ ಹೋಗುತ್ತಾರೆ.

ಕೆಲವರಿಗೆ ಅದೇ ತೊಡಕು.

ಮಂಗಳವಾರ ಮಾಲ್ಖಾಜ್ ಬಂದ. ವಯಸ್ಸು ಐವತ್ತೆರಡು.
ರೈಲು ಟಿಕೇಟಿನ ಹಿಂದಿನ ಲೆಕ್ಕವೆಲ್ಲ ಅವನು ಬರೆದದ್ದು.
ಹೊಸ ಟೆಂಡರಿನಲ್ಲಿ ಇದೆಯಂತೆ:
ಪ್ರಮಾಣಪತ್ರವುಳ್ಳವರು ಇಬ್ಬರಾದರೂ ಇರತಕ್ಕದ್ದು.
"ಜನ ರೈಲು ಹತ್ತುತ್ತಿದ್ದಾರಲ್ಲ, ಅದು ಸಾಲದೇ?" ಅಂದ.
ನಾನು ಅಂಗಿಯ ತೋಳು ಮಡಚಲು ಹೇಳಿದೆ.

ಗಾಜಿನಾಚೆಯಿಂದ ಕಾಯುತ್ತ ಕೂತೆ.
ನಾಲ್ಕರಲ್ಲಿ ಒಂದು ಸರಿ ಅನ್ನುತ್ತದೆ ಪರದೆ.
ಅವನ ಹುಬ್ಬು ಅನ್ನುತ್ತದೆ: ಅದು ಆ ದಿನ ನೋಡಿ ಹೇಳಬೇಕು,
ಗೋರಿಯಲ್ಲಿ ಹಿಮ ಬಿದ್ದಿತ್ತೇ,
ರಾತ್ರಿ ಪಾಳಿಯವನು ಎದ್ದಿದ್ದನೇ,
ಹಬ್ಬದ ಹಿಂದಿನ ದಿನವೇ.
ಹಾಗೆನ್ನಲು ಪರದೆಯಲ್ಲಿ ಗುಂಡಿ ಇಲ್ಲ.
ಎರಡೇ ಉತ್ತರಗಳ ಅಂತರದಲ್ಲಿ ಫೇಲಾದ.

ಪಕ್ಕದ ಕುರ್ಚಿಯಲ್ಲಿ ಮ್ಜಿಯಾ.
ಜುಗ್ದಿದಿಯ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದವಳು,
ಪಾಳಿ ಮುಗಿಸಿ ರಾತ್ರಿ ಓದಿದವಳು.
ಯಾವ ಕಾಲೇಜೂ ಅವಳ ಹೆಸರು ಬರೆದುಕೊಂಡಿಲ್ಲ,
ಯಾವ ಕಂಪನಿಯಲ್ಲೂ ಅವಳಿಗೊಬ್ಬ ಚಿಕ್ಕಪ್ಪನಿಲ್ಲ.
ಪ್ರಿಂಟರು ಉಗುಳಿದ ಹಾಳೆಯನ್ನು
ಒಲೆಯಿಂದ ಈಗ ತೆಗೆದ ರೊಟ್ಟಿಯಂತೆ
ಎರಡೂ ಅಂಗೈ ಮೇಲೆ ಹಿಡಿದು ನಿಂತಳು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ.
ಸರಿಯೇ. ಆದರೆ ಅಂಗೈ ಚಾಚಿದರೂ
ಯಾರೂ ಬಗ್ಗಿ ನೋಡದ ಊರಲ್ಲಿ
ಕನ್ನಡಿ ಹಿಡಿಯಬೇಕಾಗುತ್ತದೆ, ಬಾಡಿಗೆಗೆ ತಂದಾದರೂ.
ಬಾಡಿಗೆಯೇ ಅದು; ಮೂರು ವರ್ಷಕ್ಕೆ
ಮತ್ತೆ ದುಡ್ಡು ಕಟ್ಟಿ ಮತ್ತೆ ಬರೆಯಬೇಕು.

ಬರೆಯಲೇ, ಬಿಡಲೇ ಎಂದು ನನ್ನನ್ನು ಕೇಳುವವರೂ ಉಂಟು,
ಬೀಗದ ಕೈ ಇರುವವಳಿಗೆ ಎಲ್ಲ ಗೊತ್ತು ಎಂಬಂತೆ.
ನಾನೆನ್ನುವುದು ಇಷ್ಟೇ: ಮೊದಲು ನೀರು ಕುಡಿಯಿರಿ,
ಒಳಗೆ ಬಾಟಲಿ ಬಿಡುವುದಿಲ್ಲ.

ಸಂಜೆ ಇಬ್ಬರೂ ಒಟ್ಟಿಗೆ ಹೊರಟರು.
ಪುಕ್ಕಟೆ ಲಿಫ್ಟು ಬಾಯಿ ತೆರೆದು ನಿಂತಿದ್ದರೂ
ಮೆಟ್ಟಿಲು ಹಿಡಿದರು.
ಹತ್ತೊಂಬತ್ತನೆಯ ಪ್ರಶ್ನೆಗೆ ಪುಸ್ತಕ ಏನನ್ನುತ್ತದೆ
ಎಂದು ಅವಳು ಹೇಳುತ್ತಿದ್ದಳು.
ಪುಸ್ತಕಕ್ಕೆ ಹಿಮ ಗೊತ್ತಿಲ್ಲ ಎಂದು ಅವನು.
"ಹಾಗಾದರೆ ಹಿಮ ಬಿದ್ದಾಗ ಏನು ಮಾಡುತ್ತೀರಿ?"
ಐದನೆಯ ಮಹಡಿಯಲ್ಲಿ ಹೆಜ್ಜೆ ಸದ್ದು ನಿಂತಿತು.

ಪ್ರಶ್ನೆಗಳ ಬಗ್ಗೆ ಹೊರಗೆ ಮಾತಾಡುವುದು ನಿಷಿದ್ಧ,
ಕೇಳಿಸಿದರೆ ನಾನು ವರದಿ ಬರೆಯತಕ್ಕದ್ದು.
ಬಾಗಿಲು ಮುಂದೆ ಮಾಡಿಕೊಂಡು
ಪೆಟ್ಟಿಗೆಗಳ ಬೀಗದ ಕೈ ಎಣಿಸತೊಡಗಿದೆ.